ಕೆಂಪು ಗೂಟದ ಇರುವೆಗಳು

ಕಮಲಾಪುರ
14 ಜೂನ್ 1998

ಅಮೃತಾ,

ಹುಸೇನ ಸಾಬರ ಕೆಂಬಾಳೆ ತೋಟದಲ್ಲಿ, ಕಾಲುವೆಯ ಈ ದಂಡೆಗೆ, ಕರಿ ಗೊದ್ದ ಒಂದೂ ಉಳಿದಿಲ್ಲ. ಅವುಗಳ ಜಾಗದಲ್ಲಿ ಉದ್ದ ಕಾಲಿನ, ಹಳದಿ ಬಣ್ಣದ, ದಿಕ್ಕು ತಪ್ಪಿದಂತೆ ಓಡಾಡುವ ಹೊಸ ಇರುವೆ ತುಂಬಿಕೊಂಡಿದೆ. ಇದನ್ನು ಮೊದಲು ಕಂಡು ತಿಳಿಸಿದವಳು ನಿನ್ನ ಅವ್ವ. ನಾನು ನಿನ್ನೆ ಪೇಪರ್ ಹಂಚಿ ಮುಗಿಸಿದ ಮೇಲೆ ಹೋಗಿ ಕಣ್ಣಾರೆ ನೋಡಿ ಖಚಿತಪಡಿಸಿಕೊಂಡೆ.

ಅವಳು ತೋಟದ ಬಾವಿಗೆ ನೀರಿಗೆ ಹೋಗುವುದು ನಿನಗೆ ಗೊತ್ತು. ವಾರದ ಹಿಂದೆ ಖಾಲಿ ಕೊಡ ಹಿಡಿದು ಮರಳಿ ಬಂದಳು. "ಅಲ್ರಿ, ನಮ್ಮ ಗ್ವದ್ದ ಎಲ್ಲಾ ಎಲ್ಲಿ ಹೋದ್ವು? ಹಳದಿ ಇರವಿ ಬಂದಾವ. ಹುಚ್ಚ ಹಿಡದಂಗ ಓಡಾಡಾಕತ್ತಾವ. ಕಾಲ ಇಡಾಕ ಜಾಗಾ ಇಲ್ಲ" ಎಂದಳು. ನಾನು ನಂಬಲಿಲ್ಲ. ಒಬ್ಬರ ಮಾತಿನ ಮೇಲೆ ಪೇಪರಿಗೆ ಸುದ್ದಿ ಮಾಡಬಾರದು ಎಂಬುದು ನನ್ನ ನಿಯಮ; ಆ ಒಬ್ಬರು ಹೆಂಡತಿಯಾದರೂ ಅಷ್ಟೇ.

ಗೊನೆಗೆ ಆಸರೆ ಕೊಡಲೆಂದು ಹೋದ ವರ್ಷ ಘಟ್ಟದ ಕಡೆಯಿಂದ ಬಿದಿರಿನ ಗಳ ತರಿಸಿದ್ದರಂತೆ. ಅದರೊಳಗೇ ಬಂದಿರಬೇಕು ಎಂದು ಹುಸೇನ ಸಾಬರ ಅಂದಾಜು. "ದೌಲಪ್ಪಣ್ಣ, ರೊಕ್ಕ ಕೊಟ್ಟು ದುಷ್ಮನ್‌ನ ಮನಿಗಿ ಕರಕೊಂಡ ಬಂದೀನಿ" ಎಂದು ತಾವೇ ನಕ್ಕರು. ಕಾಲುವೆಯ ಆಚೆ ದಂಡೆಯಲ್ಲಿ ಮಾತ್ರ ಗೊದ್ದಗಳು ಇನ್ನೂ ಇವೆ.

ಕಳೆದ ಸಲ ಬಂದಾಗ ನೀನು, ಮಣ್ಣಿನ ಬ್ಯಾಕ್ಟೀರಿಯಾ ಬಗ್ಗೆ ಕೆಲಸ ಮಾಡಬೇಕು, ವಿಷಯ ಇನ್ನೂ ಸಿಕ್ಕಿಲ್ಲ ಎಂದಿದ್ದೆ. ಇದು ವಿಷಯ ಹೌದೋ ಅಲ್ಲವೋ ನಾನು ಹೇಳಲಾರೆ. ಒಂದು ಕಡೆ ಹೊಸ ಇರುವೆ, ಒಂದು ಕಡೆ ಹಳೆಯದು, ನಡುವೆ ಮೂರು ಮಾರು ಕಾಲುವೆ. ಇಷ್ಟು ನಿಜ.

ಈ ಪತ್ರ ಮಾರಾಟವಾಗದೆ ಉಳಿದ ಪೇಪರಿನ ಕಟ್ಟಿನಲ್ಲಿ ಬರುತ್ತಿದೆ. ಪೇಪರ್ ಕಚೇರಿಯಲ್ಲಿ ಕಟ್ಟು ಬಿಚ್ಚುವ ಇನಾಯತ್‌ನನ್ನು ಕೇಳಿ ಇಸಿದುಕೋ. ಹುಸೇನ ಸಾಬರು ಬರುವ ಭಾನುವಾರದವರೆಗೆ ಔಷಧದ ಪುಡಿ ಉದುರಿಸುವುದಿಲ್ಲ ಎಂದು ಒಪ್ಪಿದ್ದಾರೆ. ಅಷ್ಟರೊಳಗೆ ಬಂದು ನೋಡು.

ನಿನ್ನ ತಂದೆ
ದೌಲಪ್ಪ


ಗುಲಬರ್ಗಾ
5 ಜುಲೈ 1998

ಅಪ್ಪಾ,

ನಮಸ್ಕಾರ. ವಿಷಯ ಹೌದು.

ಊರಿಗೆ ಬಂದಾಗ ನಾನು ಹಿಡಿದು ತಂದ ಇರುವೆಗಳನ್ನು ಬುರ್ಹಾನುದ್ದೀನ್ ಸರ್ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಅವರು ನನ್ನ ಮಾರ್ಗದರ್ಶಕರು, ಮಾತು ಕಡಿಮೆ. ಕೊನೆಗೆ, "ಇರವಿ ಮ್ಯಾಲೆ ಎಲ್ಲಾರೂ ಬರೀತಾರ. ಇರವಿ ಹೊಕ್ಕ ಮಣ್ಣಿನಾಗ ಏನ್ ಬದಲಾಗ್ತದ, ಅದನ್ನ ಯಾರ್ ನೋಡ್ಯಾರ? ನೀ ನೋಡು" ಎಂದರು. ಕೆಲಸ ಮೊದಲಾಯಿತು.

ನೀವು ಓದಿ ಅವ್ವನಿಗೆ ಹೇಳಬೇಕು, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಒಂದು ಚಿಟಿಕೆ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಿಗಳಿರುತ್ತವೆ. ಕೆಲವು ಕೊಳೆಸುತ್ತವೆ, ಕೆಲವು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತವೆ, ಕೆಲವು ಕಲ್ಲಿನಂತೆ ಕುಳಿತ ರಂಜಕವನ್ನು ಕರಗಿಸಿ ಬೇರಿಗೆ ದಾಟಿಸುತ್ತವೆ. ಇರುವೆ ಗೂಡು ತೋಡಿದಾಗ, ತಿನಿಸು ಹೊತ್ತು ತಂದಾಗ, ಸತ್ತಾಗ ಈ ಮಣ್ಣು ಬದಲಾಗುತ್ತದೆ. ಗೊದ್ದ ಕಾಳು ಹೊತ್ತು ತರುತ್ತದೆ. ಈ ಹಳದಿಯದು ಬಾಳೆಗೆ ಹತ್ತಿದ ಹೇನು ಸುರಿಸುವ ಸಿಹಿ ನೀರು ಕುಡಿಯುತ್ತದೆ. ಊಟ ಬೇರೆಯಾದರೆ ಮನೆಯೂ ಬೇರೆಯಾಗುತ್ತದಲ್ಲ? ನಮ್ಮ ಪ್ರಶ್ನೆ ಅಷ್ಟೇ.

ಈ ದಂಡೆಯ ಹಳದಿ ಇರುವೆಯ ಗೂಡುಗಳ ಹತ್ತಿರ ಕೆಂಪು ಬಣ್ಣದ ಗೂಟ ನೆಟ್ಟಿದ್ದೇನೆ. ಆಚೆ ದಂಡೆಯ ಗೊದ್ದದ ಗೂಡುಗಳಿಗೆ ಬಿಳಿ ಗೂಟ. ಎರಡೂ ಕಡೆಯ ಮಣ್ಣನ್ನು ನೀರಿನಲ್ಲಿ ಕದಡಿ, ತಿಳಿ ಮಾಡಿ, ಗಾಜಿನ ತಟ್ಟೆಯ ಮೇಲೆ ಸುರಿದು ಬೆಚ್ಚಗೆ ಇಟ್ಟರೆ ಒಂದೊಂದು ಜೀವಿಯೂ ಬೆಳೆದು ಒಂದೊಂದು ಚುಕ್ಕಿಯಾಗಿ ಕಾಣಿಸುತ್ತದೆ. ಆ ಚುಕ್ಕಿಗಳನ್ನು ಎಣಿಸುವುದು ನನ್ನ ಕೆಲಸ.

ಹುಸೇನ ಚಾಚಾ ಪುಡಿ ಹಾಕದೆ ತಡೆದಿದ್ದಾರೆ. ಅದು ಸಣ್ಣ ಮಾತಲ್ಲ, ಅವರ ಗೊನೆಗಳ ಪ್ರಶ್ನೆ. ಅವರಿಗೆ ನನ್ನ ಸಲಾಂ ಹೇಳಿ. ಅವ್ವನಿಗೆ, ಆ ಕೆಂಪು ಗೂಟದವು ನನ್ನ ಇರುವೆಗಳು, ಯಾರೂ ತುಳಿಯದಂತೆ ನೋಡಿಕೋ ಎಂದು ಹೇಳಿ.

ನನ್ನ ಕೋಣೆಯ ಕೆಳಗೆ ಸೂಪರ್ ಮಾರ್ಕೆಟಿನ ಆಟೋಗಳ ಗದ್ದಲ ಎಂದಿನಂತೆ ಇದೆ. ಗೂಟಗಳಿಂದ ಮೊದಲ ಮಣ್ಣು ಸೆಪ್ಟೆಂಬರಿನಲ್ಲಿ. (ನೋಡಿ, ನಿಮ್ಮ ಹಾಗೆಯೇ ಮುಂದಿನ ಕೆಲಸದ ದಿನ ಹೇಳಿ ಮುಗಿಸಿದೆ.)

ನಿಮ್ಮ
ಅಮೃತ


ಕಮಲಾಪುರ
23 ಆಗಸ್ಟ್ 1998

ಅಮೃತಾ,

ಗೂಟಗಳು ಎಲ್ಲವೂ ನೆಟ್ಟಲ್ಲಿಯೇ ಇವೆ. ಒಂದು ಬಿಳಿ ಗೂಟವನ್ನು ಎಮ್ಮೆ ಕೆಡವಿತ್ತು. ಹುಸೇನ ಸಾಬರು ಅದೇ ಕುಣಿಯಲ್ಲಿ ಮತ್ತೆ ನಿಲ್ಲಿಸಿದರು. ಇದನ್ನು ತಿಳಿಸಿದವರು ಅವರೇ, ಎಮ್ಮೆಯೂ ಅವರದೇ.

ಶ್ರಾವಣ ಮುಗಿಯಿತು. ನಿನ್ನ ಅವ್ವ ಈ ಸಲ ಮನೆಯಲ್ಲಿ ನಿಂತದ್ದಕ್ಕಿಂತ ತೋಟದಲ್ಲಿ ನಿಂತದ್ದೇ ಹೆಚ್ಚು. ಕೆಂಪು ಗೂಟಗಳ ಯೋಗಕ್ಷೇಮ ಪೂರ್ತಿ ಅವಳದು. ಬೆಳಗ್ಗೆ ನೀರಿಗೆ ಹೋದವಳು ಒಂದೊಂದು ಗೂಟದ ಮುಂದೆ ಕುಳಿತು ಎದ್ದು ಬರುತ್ತಾಳೆ. ಬಾವಿಯ ಹೆಣ್ಣುಮಕ್ಕಳು ಕೇಳಿದ್ದಾರೆ, "ಏನ್ ಬಂಡಮ್ಮಕ್ಕ, ಇರವಿಗಿ ದೃಷ್ಟಿ ತಗೀತೀ ಏನು?" ಅಂತ. ಇವಳು, "ನಿಮ್ಮ ಮಕ್ಕಳು ಮೇಷ್ಟ್ರು ಆಗ್ಯಾರ, ಕಂಡಕ್ಟರ್ ಆಗ್ಯಾರ. ಇರವಿ ಓದಿದವರು ಯಾರ್ ಅದಾರ ತೋರಸ್ರಿ" ಎಂದಳಂತೆ. ಬಾವಿಯಲ್ಲಿ ಆಡಿದ ಮಾತು ಬಸ್‌ಸ್ಟ್ಯಾಂಡಿಗೆ ನನಗಿಂತ ಮೊದಲು ಮುಟ್ಟಿತ್ತು.

ಚುಕ್ಕಿ ಎಣಿಸುವುದನ್ನು ಅವಳಿಗೆ ಓದಿ ಹೇಳಿದೆ. "ಚುಕ್ಕಿ ಹೆಚ್ಚ ಬಂದ್ರ ಛಲೋನೋ, ಕಡಿಮಿ ಬಂದ್ರ ಛಲೋನೋ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಹೆಚ್ಚು ಬಂದರೆ ಒಳ್ಳೆಯದಿರಬೇಕು ಎಂದೆ.

ಅಮಾವಾಸ್ಯೆಯ ಹೋಳಿಗೆ ಕಟ್ಟಿನೊಳಗಿನ ಡಬ್ಬಿಯಲ್ಲಿದೆ. ಇನಾಯತ್‌ನಿಗೆ ಒಂದು ಕೊಡು, ಇಲ್ಲದಿದ್ದರೆ ಮುಂದಿನ ಡಬ್ಬಿ ಮುಟ್ಟುವುದಿಲ್ಲ. ಮಣ್ಣು ತೆಗೆಯಲು ನೀನು ಬರುವ ದಿನ ತಿಳಿಸು.

ದೌಲಪ್ಪ


ಗುಲಬರ್ಗಾ
11 ಅಕ್ಟೋಬರ್ 1998

ಅಪ್ಪಾ,

ಕೆಂಪು ಗೂಟದ ಮಣ್ಣಿನಲ್ಲಿ ಬಿಳಿ ಗೂಟದ ಮಣ್ಣಿನ ನಾಲ್ಕು ಪಟ್ಟು ಬ್ಯಾಕ್ಟೀರಿಯಾ ಇದೆ. ನಾನು ಎಣಿಸಿದೆ, ಮತ್ತೆ ಎಣಿಸಿದೆ, ಆಮೇಲೆ ಸರ್ ಎಣಿಸಿದರು.

ತಟ್ಟೆಗಳನ್ನು ನೀವು ನೋಡಬೇಕಿತ್ತು. ಬಿಳಿ ಗೂಟದವು ನಕ್ಷತ್ರ ಚೆಲ್ಲಿದಂತೆ: ಹಳದಿ, ಕಂದು, ಸುಕ್ಕುಗಟ್ಟಿದ್ದು, ಸುತ್ತ ಉಂಗುರ ಇರುವಂಥದ್ದು. ಕೆಂಪು ಗೂಟದವು ತಟ್ಟೆ ತುಂಬ ಒಂದೇ ಬಗೆಯ ಬೆಳ್ಳಗಿನ, ಹೊಳೆಯುವ, ಜಿಗುಟಾದ ಚುಕ್ಕಿ. ಹಳದಿ ಇರುವೆ ಮಣ್ಣನ್ನು ಹಿಡಿದದ್ದು ಮೇಲಷ್ಟೇ ಅಲ್ಲ, ಒಳಗೂ ಹಿಡಿದಿದೆ.

ಸರ್ ನಗುವುದನ್ನು ನಾನು ಕಂಡದ್ದು ಇದೇ ಮೊದಲು. ಜನವರಿಯಲ್ಲಿ ಧಾರವಾಡದಲ್ಲಿ ವಿಚಾರ ಸಂಕಿರಣ ಇದೆ. ದೊಡ್ಡ ದೊಡ್ಡವರು ಬರುತ್ತಾರೆ. ಅಲ್ಲಿ ನಾನು ಇದನ್ನು ಮಂಡಿಸಬೇಕು ಎಂದು ಸರ್ ಹೆಸರು ಕಳಿಸಿದ್ದಾರೆ. ನನ್ನ ಪಿಎಚ್.ಡಿ. ನೋಂದಣಿಯ ಸಮಿತಿ ನೋಡುವುದೂ ಇದನ್ನೇ. ಇದು ಗಟ್ಟಿ ನಿಂತರೆ ನಾನು ನಿಂತಂತೆ.

ಅವ್ವನಿಗೆ ಹೇಳಿ, ಚುಕ್ಕಿ ಹೆಚ್ಚು ಬಂದಿವೆ.

ಅಮೃತ


ಕಮಲಾಪುರ
25 ಅಕ್ಟೋಬರ್ 1998

ಅಮೃತಾ,

ಸುದ್ದಿ ಶುಕ್ರವಾರದ ಸಂಚಿಕೆಯಲ್ಲಿ ಮೂರನೇ ಪುಟದಲ್ಲಿ ಬಂದಿದೆ. 'ಹಳದಿ ಇರುವೆಯಿಂದ ಮಣ್ಣಿನಲ್ಲಿ ನಾಲ್ಕು ಪಟ್ಟು ಬ್ಯಾಕ್ಟೀರಿಯಾ: ಕಮಲಾಪುರದ ಸಂಶೋಧಕಿ' ಎಂದು ತಲೆಬರಹ. ವರದಿ ನನ್ನದು. ನೀನು ನನ್ನ ಮಗಳೆಂದು ಎಲ್ಲಿಯೂ ಬರೆದಿಲ್ಲ; ಆದರೆ ಆ ದಿನ ಹೆಚ್ಚಿಗೆ ಇಪ್ಪತ್ತು ಪ್ರತಿ ತರಿಸಿದ್ದೆ, ಮಧ್ಯಾಹ್ನದೊಳಗೆ ಒಂದೂ ಉಳಿಯಲಿಲ್ಲ.

ಹುಸೇನ ಸಾಬರು ಅಂಗಿಯ ಜೇಬಿನಲ್ಲಿ ಅದನ್ನು ಮಡಿಚಿಟ್ಟುಕೊಂಡು ತಿರುಗುತ್ತಿದ್ದಾರೆ. "ದೌಲಪ್ಪಣ್ಣ, ನನ್ನ ತೋಟದ ಹೆಸರು ಬಂತು, ಇರವಿ ಹೆಸರು ಬಂತು. ಬಾಳಿಹಣ್ಣಿಂದು ಒಂದ್ ಅಕ್ಷರ ಇಲ್ಲಲ್ಲೋ!" ಎಂದು ಎಲ್ಲರೆದುರು ಜಗಳ ತೆಗೆದರು. ಚಹಾ ಮಾತ್ರ ಅವರೇ ಕೊಡಿಸಿದರು.

ನಿನ್ನ ಅವ್ವನನ್ನು ಹಿಡಿಯುವವರಿಲ್ಲ. ನಾನು ಓದಿ ಮುಗಿಸಿದಾಗ ಓಣಿಯ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕುಳಿತಿದ್ದರು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ: "ನಾಕ್ ಪಟ್ಟು ಸುಮ್ಮ ಆಗ್ಯಾದೇನ್ರಿ? ಶ್ರಾವಣ ಹಿಡದು ದಿನಾ ಜ್ವಾಳದ ಹಿಟ್ಟು, ಬೆಲ್ಲ ಕಲಸಿ ಒಂದೊಂದ್ ಕೆಂಪ ಗೂಟಕ್ಕ ಒಂದೊಂದ್ ಹಿಡಿ ಹಾಕೀನಿ. ಮಗಳ ಇರವಿ ಉಪಾಸ ಬೀಳಬಾರದಂತ. ಹೊಟ್ಟಿ ತುಂಬಿದ್ರ ಚುಕ್ಕಿ ತಾವಾಗೇ ಬರ್ತಾವ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಜನವರಿಗೆ ಧಾರವಾಡಕ್ಕೆ ನಾವಿಬ್ಬರೂ ಬರಬೇಕೆಂದಿದ್ದೇವೆ. ಹಿಂದಿನ ಸಾಲಿನಲ್ಲಿ ಕೂಡುತ್ತೇವೆ, ಮಾತಾಡುವುದಿಲ್ಲ.

ದೌಲಪ್ಪ


ಗುಲಬರ್ಗಾ
27 ಅಕ್ಟೋಬರ್ 1998

ಅಪ್ಪಾ,

ಪತ್ರ ಮುಟ್ಟಿತು. ಕೂಡಲೇ ತಿಳಿಸಿ.

ಹಿಟ್ಟು ಬೆಲ್ಲ ಎಲ್ಲ ಕೆಂಪು ಗೂಟಗಳಿಗೂ ಹಾಕಿದ್ದಾಳೆಯೇ? ಬಿಳಿ ಗೂಟಗಳಿಗೆ? ಮಣ್ಣು ತೆಗೆಯುವ ದಿನದವರೆಗೂ ಹಾಕಿದ್ದಾಳೆಯೇ?

ಯಾಕೆ ಕೇಳುತ್ತಿದ್ದೇನೆ ಎಂದು ಅವ್ವನಿಗೆ ಹೇಳಬೇಡಿ.

ಅಮೃತ


ಕಮಲಾಪುರ
28 ಅಕ್ಟೋಬರ್ 1998

ಅಮೃತಾ,

ಉತ್ತರ: ಎಲ್ಲ ಕೆಂಪು ಗೂಟಗಳಿಗೂ ಹಾಕಿದ್ದಾಳೆ. ಬಿಳಿ ಗೂಟಕ್ಕೆ ಒಂದು ದಿನವೂ ಇಲ್ಲ. ನೀನು ಮಣ್ಣು ತೆಗೆದ ದಿನ ಬೆಳಗ್ಗೆ ಕೂಡ, ನೀನು ಬರುವ ಮೊದಲು, ಹಾಕಿ ಬಂದಿದ್ದಾಳೆ.

ಬಿಳಿ ಗೂಟಕ್ಕೆ ಯಾಕೆ ಹಾಕಲಿಲ್ಲ ಎಂದು ಕೇಳಿದೆ. "ಅವು ಊರ ಇರವಿ. ಅವಕ್ಕ ಊರು ಹಾಕ್ತದ. ಕೆಂಪ ಗೂಟದ್ದು ನಮ್ಮ ಹುಡುಗೀವು" ಎಂದಳು. ಅಷ್ಟು ಹೇಳಿ ನನ್ನ ಮುಖ ನೋಡಿದಳು. ಕಾರಣ ಹೇಳಬೇಡಿ ಎಂದು ನೀನು ಬರೆದಿದ್ದೆ, ಹೇಳಿಲ್ಲ. ಆದರೆ ನಾನು ಕೇಳಿದ ಪ್ರಶ್ನೆಗಳನ್ನು ಅವಳೂ ಕೇಳಿಸಿಕೊಂಡಳಲ್ಲ.

ಚುಕ್ಕಿಗಳು ಬೆಲ್ಲ ಹಿಟ್ಟಿನಿಂದ ಬಂದವೋ, ಇರುವೆಯಿಂದ ಬಂದವೋ? ನನಗೆ ಅರ್ಥವಾಗಿದ್ದು ಸರಿಯಿದ್ದರೆ ಇದಕ್ಕೆ ಈಗ ಯಾರ ಹತ್ತಿರವೂ ಉತ್ತರ ಇಲ್ಲ.

ಇರುವೆಗೆ ಹಿಟ್ಟು ಹಾಕುವುದು ಅವಳಿಗೆ ತಾಯಿಯಿಂದ ಬಂದದ್ದು. ನೀನು ಸಣ್ಣವಳಿದ್ದಾಗ ನಿನ್ನ ಕೈಯಿಂದಲೇ ಹಾಕಿಸುತ್ತಿದ್ದಳು. ಅದು ನಮ್ಮಿಬ್ಬರಿಗೂ ಹೊಳೆಯಬೇಕಿತ್ತು.

ಹಿಟ್ಟಿನ ಡಬ್ಬಿ ಮೇಲಿನ ಹಲಗೆಗೆ ಹೋಗಿದೆ. ಇವತ್ತು ಅವಳು ನೀರಿಗೆ ಊರ ಬೋರ್‌ವೆಲ್‌ಗೆ ಹೋದಳು.

ದೌಲಪ್ಪ


ಗುಲಬರ್ಗಾ
15 ನವೆಂಬರ್ 1998

ಅಪ್ಪಾ,

ಧಾರವಾಡದ ಪಟ್ಟಿಯಿಂದ ನನ್ನ ಹೆಸರು ವಾಪಸಾಗಿದೆ. ವಾಪಸ್ ತೆಗೆದುಕೊಂಡವಳು ನಾನೇ.

ಸರ್‌ಗೆ ಹೇಳಲು ಎರಡು ವಾರ ಹಿಡಿಯಿತು. ಅಷ್ಟು ದಿನ ತಟ್ಟೆಗಳನ್ನು ತೊಳೆದು, ಒಣಗಿಸಿ, ಮತ್ತೆ ತೊಳೆಯುತ್ತಿದ್ದೆ. ಧಾರವಾಡದಲ್ಲಿ ಯಾರೂ ಕಮಲಾಪುರಕ್ಕೆ ಬಂದು ಬಾವಿಯ ಹೆಣ್ಣುಮಕ್ಕಳನ್ನು ಕೇಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅದನ್ನೇ ಮತ್ತೆ ಮತ್ತೆ ಯೋಚಿಸುತ್ತಿದ್ದೆ. ಆಮೇಲೆ, ಒಬ್ಬರ ಮಾತಿನ ಮೇಲೆ ಸುದ್ದಿ ಮಾಡದ ಮನುಷ್ಯನ ಮನೆಯಲ್ಲಿ ಬೆಳೆದು ಇದನ್ನು ಹೇಗೆ ಓದಲಿ ಅನ್ನಿಸಿತು. ಹೋಗಿ ಹೇಳಿದೆ.

ಸರ್ ಕನ್ನಡಕ ತೆಗೆದಿಟ್ಟರು. "ಅಂದ್ರ ನಾವು ಎಣಿಸಿದ್ದು ಇರವಿ ಅಲ್ಲ, ಬೆಲ್ಲ" ಎಂದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ನಿಮ್ಮ ತಾಯಿಯವರು ತಪ್ಪು ಮಾಡಿಲ್ಲ. ಮಣ್ಣು ತೆಗೆಯೋ ಮೊದಲು ಅಲ್ಲಿ ಯಾರ್ ಬರ್ತಾರ, ಏನ್ ಹಾಕ್ತಾರ ಅಂತ ಕೇಳಬೇಕಿತ್ತು. ಕೇಳದೇ ಇದ್ದದ್ದು ನೀನು. ನಿನಗ ಕೇಳಂತ ಹೇಳದೇ ಇದ್ದದ್ದು ನಾನು" ಎಂದರು. ನೋಂದಣಿಯ ಸಮಿತಿಗೆ ಒಂದು ವರ್ಷ ಮುಂದಕ್ಕೆ ಹಾಕಲು ಬರೆದಿದ್ದಾರೆ. ಒಪ್ಪಬಹುದು, ಒಪ್ಪದಿರಬಹುದು.

ನಿಮ್ಮ ಸುದ್ದಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಅವ್ವ ಹೇಗಿದ್ದಾಳೆ?

ಅಮೃತ


ಕಮಲಾಪುರ
22 ನವೆಂಬರ್ 1998

ಅಮೃತಾ,

ತಿದ್ದುಪಡಿ ಇವತ್ತಿನ ಸಂಚಿಕೆಯಲ್ಲಿ ಬಂದಿದೆ. ಐದನೇ ಪುಟ, ಕೆಳಗಿನ ಮೂಲೆ. ಕತ್ತರಿಸಿ ಇದರೊಂದಿಗೆ ಇಟ್ಟಿದ್ದೇನೆ:

'ಅಕ್ಟೋಬರ್ 23ರಂದು ಪ್ರಕಟವಾದ ಹಳದಿ ಇರುವೆಯ ಸುದ್ದಿಯಲ್ಲಿ ತಿಳಿಸಿದ್ದ ಬ್ಯಾಕ್ಟೀರಿಯಾ ಪ್ರಮಾಣಕ್ಕೆ ಇರುವೆಯೇ ಕಾರಣ ಎಂಬುದು ಖಚಿತವಾಗಿಲ್ಲ. ಮಣ್ಣು ತೆಗೆದ ಜಾಗದಲ್ಲಿ ಹಿಟ್ಟು ಮತ್ತು ಬೆಲ್ಲ ಹಾಕಲಾಗಿತ್ತು ಎಂದು ಈಗ ತಿಳಿದುಬಂದಿದೆ. ಸಂಶೋಧನೆ ಮುಂದುವರಿದಿದೆ.'

ಕಚೇರಿಗೆ ಫೋನ್ ಮಾಡಿದಾಗ ಡೆಸ್ಕಿನವರು, "ದೌಲಪ್ಪನವ್ರ, ಯಾರೂ ಕೇಳೇ ಇಲ್ಲ. ಎಲ್ಲಾರೂ ಮರೆತಾರ. ಯಾಕ ತಿದ್ದುಪಡಿ?" ಎಂದರು. ಮರೆತವರು ಓದಿದ್ದು ತಪ್ಪೇ ಅಲ್ಲವೇ ಎಂದೆ. ಇಷ್ಟು ವರ್ಷದಲ್ಲಿ ನನ್ನ ಹೆಸರಿನ ಮೇಲೆ ತಿದ್ದುಪಡಿ ಬಂದದ್ದು ಇದೇ ಮೊದಲು. ಬಸ್‌ಸ್ಟ್ಯಾಂಡಿನಲ್ಲಿ ಕೆಲವರು ನಕ್ಕಿದ್ದಾರೆ. ಎದುರು ಮನೆಯ ಮಲ್ಕಪ್ಪ, "ಬೆಲ್ಲದ ಸುದ್ದಿ ಬಂತಲ್ಲೋ" ಎಂದು ಕೂಗಿದ. ನಾನು ಅವನಿಗೂ ಒಂದು ಪ್ರತಿ ಕೊಟ್ಟು ಕಾಸು ತೆಗೆದುಕೊಂಡೆ.

ನೀನು ಪಟ್ಟಿಯಿಂದ ಹೆಸರು ತೆಗೆದದ್ದನ್ನು ಸುದ್ದಿಯಾಗಿ ಬರೆಯಲು ಬರುವುದಿಲ್ಲ. ಬರುವಂತಿದ್ದರೆ ಅದನ್ನು ಮೊದಲ ಪುಟಕ್ಕೆ ಕಳಿಸುತ್ತಿದ್ದೆ.

ಅವ್ವ ಕೆಲಸ ಮಾಡಿಕೊಂಡಿದ್ದಾಳೆ. ತೋಟದ ಕಡೆ ಹೋಗಿಲ್ಲ. ತಿದ್ದುಪಡಿಯನ್ನು ಓದಿ ಹೇಳಿದೆ. 'ಹಾಕಲಾಗಿತ್ತು' ಎಂದು ಬರೆದದ್ದನ್ನು ಕೇಳಿ, "ಯಾರ್ ಹಾಕಿದ್ರು ಅಂತ ಬರದಿಲ್ಲೇನ್ರಿ?" ಎಂದಳು. ಇಲ್ಲ ಎಂದೆ. ಮತ್ತೆ ರೊಟ್ಟಿ ಬಡಿಯತೊಡಗಿದಳು.

ದೌಲಪ್ಪ


ಗುಲಬರ್ಗಾ
6 ಡಿಸೆಂಬರ್ 1998

ಅಪ್ಪಾ,

ಸಮಿತಿ ಒಪ್ಪಿದೆ. ಒಂದು ವರ್ಷ ಸಿಕ್ಕಿದೆ. ಹಳೆಯ ಗೂಟದ ಜಾಗಗಳನ್ನು ಬಿಟ್ಟು, ಅದೇ ತೋಟದ ದೂರದ ಗೂಡುಗಳಲ್ಲಿ ಹೊಸದಾಗಿ ಮೊದಲುಮಾಡಬೇಕು.

ಈ ಸಲ ಮುಚ್ಚಿಡುವುದೇನೂ ಇಲ್ಲ. ಹಿಟ್ಟನ್ನೇ ಪ್ರಯೋಗದೊಳಗೆ ಸೇರಿಸಿದ್ದೇವೆ. ಈ ದಂಡೆಯ ಹಳದಿ ಇರುವೆಯ ಗೂಡುಗಳಲ್ಲಿ ಅರ್ಧಕ್ಕೆ ಹಿಟ್ಟು ಬೆಲ್ಲ, ಅರ್ಧಕ್ಕೆ ಇಲ್ಲ. ಆಚೆ ದಂಡೆಯ ಗೊದ್ದಗಳಿಗೂ ಹಾಗೆಯೇ. ಆಗ ಹಿಟ್ಟು ಮಾಡಿದ್ದು ಯಾವುದು, ಇರುವೆ ಮಾಡಿದ್ದು ಯಾವುದು, ಬೇರೆ ಬೇರೆಯಾಗಿ ಕಾಣುತ್ತದೆ.

ಹಾಕುವ ಕೈ ಒಂದೇ ಇರಬೇಕು ಎಂದು ಸರ್ ಹೇಳಿದ್ದಾರೆ. ಒಂದೇ ಹೊತ್ತಿಗೆ, ಒಂದೇ ಅಳತೆಯಲ್ಲಿ, ಒಂದು ದಿನವೂ ತಪ್ಪದೆ. ಪ್ರಯೋಗಾಲಯದ ಹುಡುಗರನ್ನು ಕಳಿಸಲೇ ಎಂದು ಕೇಳಿದರು. ನಾನು ಬೇಡ ಎಂದೆ.

ಇನ್ನು ಮುಂದಿನದು ಅವ್ವನಿಗೆ. ಎದುರಿಗೆ ಕೂಡಿಸಿ ಓದಿ.

ಅವ್ವಾ, ಸಿಟ್ಟಿಗಿ ಬಂದೀ ಏನು? ನಿನ್ನ ಹಿಟ್ಟಿನಿಂದ ನನ್ನ ಕೆಲಸ ಕೆಟ್ಟಿಲ್ಲ. ನಾ ನಿನ್ನ ಕೇಳಲಿಲ್ಲ, ಅದಕ್ಕ ಕೆಟ್ಟಿತ್ತು. ಈಗ ಕೇಳಾಕತ್ತೀನಿ. ಹಿಟ್ಟು ನೀನೇ ಹಾಕಬೇಕು. ಆದ್ರ ನಾ ಹೇಳಿದ ಗೂಟಕ್ಕ ಮಾತ್ರ. ಉಳಿದವು ಎಷ್ಟ್ ಬಡವಾಗಿ ಕಂಡ್ರೂ ಕೈ ಹಿಡದಿರಬೇಕು. ಅದು ನಿನಗ ಕಷ್ಟ ಅಂತ ನನಗ ಗೊತ್ತದ. ಆಗೂದಿಲ್ಲ ಅಂದ್ರ ಹೇಳು.

ಅಮೃತ


ಕಮಲಾಪುರ
20 ಡಿಸೆಂಬರ್ 1998

ಅಮೃತಾ,

ಹಿಟ್ಟಿನ ಡಬ್ಬಿ ಕೆಳಗೆ ಬಂದಿದೆ.

ನಿನ್ನ ಪತ್ರವನ್ನು ಓದಿದೆ. ಅವಳು ಎರಡನೇ ಸಲ ಓದಿಸಿದಳು. ಆಮೇಲೆ ನಡೆದ ಮಾತು ಹೀಗಿದೆ.

"ಕರಿ ಗ್ವದ್ದಕ್ಕೂ ಹಾಕಬೇಕಂತೇನು?"

"ಅರ್ಧಕ್ಕ ಹಾಕಬೇಕು."

"ಅಲ್ಲ, ಮಗ್ಗಲ ಮನ್ಯಾಗ ಉಪಾಸ ಕೂಡಿಸಿ ಈ ಮನ್ಯಾಗ ಉಣ್ಣಸೋದು, ಇದ್ಯಾವ ಓದ್ರಿ?"

"ಬ್ಯಾಡಂದ್ರ ಬಿಡು. ಹುಡುಗರು ಬರ್ತಾರಂತ."

"ಯಾವ ಹುಡುಗರು? ಹಿಡಿ ಹಾಕಾಕ ಬರ್ತದೇನ ಅವಕ್ಕ? ಬರೀರಿ ಅಕೀಗಿ, ನಾ ಹಾಕ್ತೀನಂತ. ಹಾಕಬಾರದ್ದಕ್ಕ ಹಾಕೂದಿಲ್ಲಂತನೂ ಬರೀರಿ."

ಹಿಡಿ ಒಂದೇ ಸಮ ಇರುವುದಿಲ್ಲ ಎಂದು ಅವಳೇ ತಕರಾರು ತೆಗೆದಳು. ನಿನ್ನ ಹಳೆಯ ಪೌಡರ್ ಡಬ್ಬಿಯ ಮುಚ್ಚಳವನ್ನು ಅಳತೆಗೆ ಗೊತ್ತುಮಾಡಿದ್ದಾಳೆ. ಹಿಟ್ಟು ಹಾಕಬೇಕಾದ ಗೂಟಗಳಿಗೆ ತನ್ನ ಹಸಿರು ಸೀರೆಯ ಅಂಚು ಹರಿದು ಕಟ್ಟಲು ತಯಾರಿದ್ದಾಳೆ. ಬಣ್ಣ ಬೇರೆ ಬೇಕಿದ್ದರೆ ಈಗಲೇ ತಿಳಿಸು. ಇದ್ದದ್ದು ಎರಡೇ ಹಳೆ ಸೀರೆ.

ಹುಸೇನ ಸಾಬರಿಗೆ ವಿಷಯ ಹೇಳಿದೆ. "ಬಂಡಮ್ಮಕ್ಕ ನನ್ನ ತೋಟದ ಇರವಿಗಿ ರೇಷನ್ ಮಾಡ್ಯಾಳಲ್ಲೋ!" ಎಂದರು. ಪುಡಿ ಉದುರಿಸುವುದನ್ನು ಇನ್ನೂ ನಿಲ್ಲಿಸಿಯೇ ಇದ್ದಾರೆ. ಈ ದಂಡೆಯ ಕೆಲವು ಗೊನೆಗಳು ಹೇನು ಹತ್ತಿ ಸೊರಗಿವೆ. ಅವರು ಅದನ್ನು ಹೇಳಿಲ್ಲ. ನಾನು ನೋಡಿದ್ದು.

ನೀನು ಜನವರಿ ಮೊದಲ ಭಾನುವಾರ ಬಂದು ಗೂಟ ನೆಡುವುದು.

ದೌಲಪ್ಪ


ಗುಲಬರ್ಗಾ
18 ಏಪ್ರಿಲ್ 1999

ಅಪ್ಪಾ,

ಹಿಟ್ಟು ಹಾಕಿದಲ್ಲೆಲ್ಲ ಚುಕ್ಕಿ ಹೆಚ್ಚಿವೆ. ಈ ದಂಡೆಯಲ್ಲೂ ಹೆಚ್ಚಿವೆ, ಆ ದಂಡೆಯಲ್ಲೂ ಹೆಚ್ಚಿವೆ. ಅದೇ ಬೆಳ್ಳಗಿನ ಜಿಗುಟು ಚುಕ್ಕಿ. ಅಂದರೆ ನಾಲ್ಕು ಪಟ್ಟು ಎಂದು ನಾವು ಕುಣಿದದ್ದು ಬೆಲ್ಲದ ಕೆಲಸವೇ. ಅದನ್ನು ಧಾರವಾಡದಲ್ಲಿ ಓದಿದ್ದರೆ ನಾನು ಜನ್ಮವಿಡೀ ಅದನ್ನು ಹೊತ್ತು ತಿರುಗಬೇಕಿತ್ತು.

ಹಿಟ್ಟು ಹಾಕದ ಗೂಡುಗಳ ಮಣ್ಣಿನಲ್ಲಿ ಎರಡೂ ದಂಡೆಗಳ ಎಣಿಕೆ ಹೆಚ್ಚುಕಡಿಮೆ ಒಂದೇ ಇದೆ. ಮೊದಲ ದಿನ ಅದನ್ನು ನೋಡಿ ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಏನೂ ಇಲ್ಲ ಅಂದುಕೊಂಡೆ. ಸರ್ ತಟ್ಟೆಗಳನ್ನು ಬೆಳಕಿಗೆ ಹಿಡಿದು, "ಎಷ್ಟು ಅಂತ ಎಣಿಸಿದಿ. ಯಾವ್ಯಾವು ಅಂತ ನೋಡಿದೇನು?" ಎಂದರು.

ನೋಡಿದೆ. ವ್ಯತ್ಯಾಸ ಅಲ್ಲಿದೆ. ಗೊದ್ದದ ಗೂಡಿನ ಮಣ್ಣಿನಲ್ಲಿ ಬಗೆಗಳು ಬಹಳ. ಅದರಲ್ಲೂ ರಂಜಕ ಕರಗಿಸುವವು ತಟ್ಟೆಯಲ್ಲಿ ತಮ್ಮ ಸುತ್ತ ತಿಳಿಯಾದ ಉಂಗುರ ಬಿಡುತ್ತವೆ. ಅಂಥ ಉಂಗುರ ಪ್ರತಿ ತಟ್ಟೆಯಲ್ಲೂ ಇವೆ. ಹಳದಿ ಇರುವೆಯ ಮಣ್ಣಿನಲ್ಲಿ ಉಂಗುರ ಹುಡುಕಬೇಕು. ಜನಸಂಖ್ಯೆ ಅಷ್ಟೇ ಇದೆ, ಆದರೆ ಓಣಿಯಲ್ಲಿ ಎಲ್ಲ ಕಸುಬಿನವರೂ ಇಲ್ಲ. ಕುಂಬಾರ ಇಲ್ಲ, ಬಡಿಗ ಇಲ್ಲ, ಹೀಗೆ ತಿಳಿದುಕೊಳ್ಳಿ. ಇದು ಒಂದು ತೋಟದ, ಒಂದು ಬೇಸಿಗೆಯ ಮಾತು. ಮಳೆಗಾಲದಲ್ಲೂ ಹೀಗೇ ಇದ್ದರೆ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ.

ಮೊದಲಿನ ಸುದ್ದಿಗಿಂತ ಇದು ಸಣ್ಣದು. ಆದರೆ ಇದು ನಮ್ಮದು.

ಹುಸೇನ ಚಾಚಾರಿಗೆ ಒಂದು ಮಾತು. ಕಾಲುವೆ ದಾಟಲು ಹಾಕಿರುವ ಹಲಗೆಯ ಮೇಲೆ ಹಳದಿ ಇರುವೆ ಸಾಲು ಹಿಡಿದದ್ದನ್ನು ಮಾರ್ಚ್‌ನಲ್ಲಿ ನೋಡಿದೆ. ಹಲಗೆ ತೆಗೆದರೆ ಆಚೆ ದಂಡೆ ಇನ್ನಷ್ಟು ದಿನ ಉಳಿಯಬಹುದು. ಪುಡಿಗೆ ಬದಲು ಮೊದಲು ಹೇನು ಹತ್ತಿದ ಎಲೆ ಕಡಿದು ಸುಡಲು ಹೇಳಿ. ಸಿಹಿ ನೀರು ಇಲ್ಲದಿದ್ದರೆ ಇರುವೆಗೂ ಅಲ್ಲಿ ಕೆಲಸವಿಲ್ಲ.

ವರದಿಯ ಕರಡು ಬರೆದಿದ್ದೇನೆ. ಪ್ರಯೋಗದ ವಿಧಾನ ಹೇಳುವ ಭಾಗದಲ್ಲಿ ಒಂದು ಸಾಲು ಇದೆ: 'ಜೋಳದ ಹಿಟ್ಟು ಮತ್ತು ಬೆಲ್ಲದ ಮಿಶ್ರಣವನ್ನು ಪ್ರತಿದಿನ ಬೆಳಗ್ಗೆ ಒಂದೇ ಅಳತೆಯಲ್ಲಿ ಹಾಕಿದವರು ಬಂಡಮ್ಮ, ಕಮಲಾಪುರ.' ಹೆಸರುಗಳು ಕೊನೆಯ ಕೃತಜ್ಞತೆಯಲ್ಲಿ ಬರುವುದು ರೂಢಿ ಎಂದು ಸರ್ ಹೇಳಿದರು. ಕೆಲಸ ಮಾಡಿದ್ದು ಮಧ್ಯದಲ್ಲಿ, ಹೆಸರೂ ಮಧ್ಯದಲ್ಲೇ ಇರಲಿ ಎಂದೆ. ಅವರು ಆ ಸಾಲನ್ನು ಹೊಡೆದುಹಾಕಲಿಲ್ಲ.

ಯಾರು ಹಾಕಿದರು ಎಂದು ಅವ್ವ ಕೇಳಿದ್ದಳಲ್ಲ. ಈಗ ಓದಿ ಹೇಳಿ.

ಅಮೃತ


ಕಮಲಾಪುರ
30 ಮೇ 1999

ಅಮೃತಾ,

ಹುಸೇನ ಸಾಬರು ಕಾಲುವೆಯ ಹಲಗೆ ತೆಗೆದಿದ್ದಾರೆ. ಆಚೆ ದಂಡೆಯಲ್ಲಿ ಗೊದ್ದಗಳು ಇವೆ. ಎರಡನ್ನೂ ಇವತ್ತು ಬೆಳಗ್ಗೆ ನಿನ್ನ ಅವ್ವ ವರದಿ ಮಾಡಿದಳು. ನಾನು ಹೋಗಿ ನೋಡಲಿಲ್ಲ. ಅವಳ ಮಾತಿಗೆ ಇನ್ನೊಂದು ಸಾಕ್ಷಿ ಬೇಡ ಎಂದು ತೀರ್ಮಾನಿಸಿದ್ದೇನೆ.

ಆ ಒಂದು ಸಾಲನ್ನು ಓದಿ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು. "ಊರ ಹೆಸರೂ ಬಂದದೇನು?" ಎಂದಳು. ಬಂದಿದೆ ಎಂದೆ. "ಹಂಗಾರ ಆತು" ಎಂದು ನಾದುವುದನ್ನು ಮುಂದುವರಿಸಿದಳು. ಸಂಜೆ ಕಟ್ಟೆಯ ಮೇಲೆ ಇನ್ನೊಮ್ಮೆ, ಸ್ವಲ್ಪ ಜೋರಾಗಿ, ಓದಿಸಿದಳು. ಮಲ್ಕಪ್ಪನ ಮನೆ ಎದುರಿಗೇ ಇದೆ.

ಅವಳು ಒಂದು ದಿನವೂ ತಪ್ಪಿಸಿಲ್ಲ. ಮೈ ಬಿಸಿ ಇದ್ದ ದಿನವೂ ಮುಚ್ಚಳ ಹಿಡಿದುಕೊಂಡು ಹೋದಳು. ನಾನು ಹಾಕಿ ಬರುತ್ತೇನೆ ಎಂದರೆ, "ಕೈ ಒಂದೇ ಇರಬೇಕಂತ ನೀವೇ ಓದಿದ್ರಿ" ಎಂದಳು. ಆದರೆ ಹಿಟ್ಟು ಹಾಕಬಾರದ ಗೂಟಗಳ ಮುಂದೆ ಹೋಗುವಾಗ ಅವಳು ಮುಖ ಆಚೆ ತಿರುಗಿಸಿಕೊಂಡು ನಡೆಯುತ್ತಾಳೆ. ಅದನ್ನು ನಾನೇ ನೋಡಿದ್ದೇನೆ.

ಹುಸೇನ ಸಾಬರ ಹೆಂಡತಿ ನೂರಜಹಾನ್ ಬೇಗಂ ಅರ್ಧ ಗೊನೆ ಕೆಂಬಾಳೆ ಕಳಿಸಿದ್ದಾರೆ. ಹಲಗೆ ತೆಗೆದ ಮೇಲೆ ಹುಸೇನ ಸಾಬರು ಸುತ್ತಿಕೊಂಡು ಆಚೆ ದಂಡೆಗೆ ಹೋಗಬೇಕಾಗಿದೆ. "ಇರವಿ ದಾಟಬಾರದಂತ ನಾ ಒಂದ್ ಮೈಲ್ ನಡೀಬೇಕು. ಪೇಪರಿನಾಗ ಇದನ್ನಾದ್ರೂ ಹಾಕು" ಎಂದರು.

ಹಾಕಿಲ್ಲ. ಡೆಸ್ಕಿನವರು ಎರಡು ಸಲ ಕೇಳಿದ್ದಾರೆ. ಮಳೆಗಾಲದ ಮಣ್ಣು ನೋಡುವವರೆಗೆ ಸುದ್ದಿ ಇಲ್ಲ ಎಂದಿದ್ದೇನೆ. ತಲೆಬರಹ ಮಾತ್ರ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೇನೆ. ಈ ಸಲ ಅದರಲ್ಲಿ 'ಪಟ್ಟು' ಎಂಬ ಮಾತಿಲ್ಲ.

ಮುಂಗಾರಿನ ಮೊದಲ ಮಣ್ಣು ಜೂನ್ 7, ಸೋಮವಾರ. ನೀನು ಪೇಪರಿನ ಕಟ್ಟು ಬರುವ ಬಸ್ಸಿನಲ್ಲೇ ಬರುವುದು. ಹಲಗೆ ಇಲ್ಲದ್ದರಿಂದ ಆಚೆ ದಂಡೆಗೆ ಸುತ್ತಿ ಹೋಗಬೇಕು. ಬಂಡಮ್ಮ ಹಾಜರಿರುತ್ತಾಳೆ.

ದೌಲಪ್ಪ